ಮಾವನವರೂ ನೈಟ್ರಸ್ ಕಿಟ್ಟೂ

ನನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ನೈಟ್ರಸ್ ಕಿಟ್ಟನ್ನು ನಾನೇ, ಈ ಎರಡು ಕೈಗಳಿಂದಲೇ, ಮೆಕ್ಯಾನಿಕ್ಕಿನ ನೆರಳೂ ಬೀಳದಂತೆ ಕೂರಿಸುತ್ತೇನೆ ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಉಪ್ಪಿನ ಡಬ್ಬಿ ಉರುಳಿತು.

"ಅದೇನ್ರೀ ನೈಟ್ರಸ್ಸು?" ಎಂದಳು ಹೆಂಡತಿ.

"ಎಂಜಿನ್ನಿಗೆ ಕುಡಿಸೋ ಗ್ಯಾಸು ಕಣೇ. ಗುಂಡಿ ಒತ್ತಿದ್ರೆ ಕಾರು ಬಾಣ!"

"ಮೊದ್ಲು ಅಡುಗೆಮನೆ ನಲ್ಲಿಗೆ ವಾಷರ್ ಹಾಕಿ. ಬಾಣ ಆಮೇಲೆ ಬಿಡೀರಂತೆ."

ಅವಳಿಗೇನು ಗೊತ್ತು, ನನ್ನ ಎದೆಯ ಉರಿ! ಅವಳಪ್ಪ ಮೂವತ್ತು ವರ್ಷ ಅಗ್ನಿಶಾಮಕ ವಾಹನ ಓಡಿಸಿ ನಿವೃತ್ತರಾದವರು. ನನ್ನ ಕಾರಿನಲ್ಲಿ ಒಂದೇ ಸಲ ಕೂತಿದ್ದರು. ಇಳಿಯುವಾಗ, "ನೋಡೋಕೆ ಚೆಂದ ಇದೆ ಅಳಿಯಂದ್ರೇ. ಆದ್ರೆ ಇದ್ರಲ್ಲಿ ನಾವು ಡ್ಯೂಟಿಗೆ ಹೋಗಿದ್ರೆ ಬರೀ ಬೂದಿ ಗುಡಿಸಿ ಬರ್ಬೇಕಾಗಿತ್ತು" ಎಂದರು. ಅಂದಿನಿಂದ ಅವರು ಬಸ್ಸು ಬಿಟ್ಟು ಬೇರೇನೂ ಹತ್ತಿರಲಿಲ್ಲ. ಅವರ ಬಾಯಿಂದ ನನ್ನ ಕಾರಿನ ಬಗ್ಗೆ ಒಂದು ಒಳ್ಳೆಯ ಮಾತು ಬರಬೇಕು; ನನಗೆ ಬೇಕಿದ್ದದ್ದು ಅಷ್ಟೇ.

ಮೂರು ಭಾನುವಾರ ದುಡಿದೆ. ಸಿಲಿಂಡರನ್ನು ಡಿಕ್ಕಿಯಲ್ಲಿ ಕೂಸಿನಂತೆ ಮಲಗಿಸಿ ಪಟ್ಟಿ ಬಿಗಿದೆ. ಎಂಜಿನ್ನಿನವರೆಗೆ ಕೊಳವೆ ಎಳೆದೆ. ಉಳಿದದ್ದು ಒಂದು ಪುಟ್ಟ ನಳಿಕೆ. ಓಟಕ್ಕೆ ಮೊದಲು ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಗ್ಯಾಸಿನ ಸಮೇತ ಹೊರಕ್ಕೆ ಉಗುಳುವುದಷ್ಟೇ ಅದರ ಕೆಲಸ. ಬಾನೆಟ್ಟಿಗೆ ತೂತು ಕೊರೆದು ಅದನ್ನು ಹೊರಗೆ ತೆಗೆಯಿರಿ ಎಂದಿತ್ತು ಕೈಪಿಡಿ. ನಾನು ದಿನಾ ಬೆಳಿಗ್ಗೆ ಬನಿಯನ್ನಿನಿಂದ ಒರೆಸಿ, ಮುಖ ನೋಡಿಕೊಳ್ಳುವ ಬಾನೆಟ್ಟಿಗೆ ತೂತೇ! ಮುಂಗಾಜಿನ ಬುಡದಲ್ಲಿ ಹೇಗೂ ಒಂದು ಜಾಲರಿಯಿತ್ತು. ಅದರೊಳಗೆ ಅಡಗಿಸಿಬಿಟ್ಟೆ. ಕಾರಿನೊಳಗೆ ಕೂತವರಿಗೆ ಗಾಳಿ ಬರುವುದು ಅದೇ ಜಾಲರಿಯಿಂದ ಎಂಬ ಜ್ಞಾನೋದಯ ಇನ್ನೂ ಆಗಿರಲಿಲ್ಲ.

ನಾಲ್ಕನೆಯ ಭಾನುವಾರ ಕಾಡಿಬೇಡಿ ಮಾವನವರನ್ನು ಕಾರಿನಲ್ಲಿ ಕೂರಿಸಿದೆ.

"ಗಟ್ಟಿಯಾಗಿ ಹಿಡ್ಕೊಳ್ಳಿ ಮಾವ!"

"ಬೇಗ ಹೊರಡಿ. ಇಲ್ದಿದ್ರೆ ಹತ್ತು ನಿಮಿಷಕ್ಕೆ ಬಸ್ಸಿದೆ."

ಓಟಕ್ಕೆ ಮೊದಲು ಕೊಳವೆಯ ಗಾಳಿ ಉಗುಳಿಸುವ ಗುಂಡಿ ಒತ್ತಿದೆ. ಬುಸ್ಸ್! ನಮ್ಮ ಮುಖದ ಮುಂದಿನ ಗಾಳಿ ಕಿಂಡಿಗಳಿಂದ ಮಂಜುಗಡ್ಡೆಯಂಥ ಬಿಳಿ ಮೋಡ ನುಗ್ಗಿತು. ಜೊತೆಗೆ ನೂರು ಬೆಂಕಿಕಡ್ಡಿ ಒಟ್ಟಿಗೆ ಗೀರಿದಂಥ ವಾಸನೆ. ಮೋಡದಲ್ಲಿ ಮಾವನವರ ಮೀಸೆ ಮಾಯವಾಯಿತು. ಮರುಕ್ಷಣ ಅವರ ನಿವೃತ್ತಿಯೂ ಮಾಯವಾಯಿತು!

"ಹೊರಗೆ! ಎಲ್ರೂ ಹೊರಗೆ!" ಎಂದು ನನ್ನನ್ನು ಕಾಲರ್ ಹಿಡಿದು ಎಳೆದು ಹಾಕಿದರು. ಬಾನೆಟ್ ಎತ್ತಿದರು. ಅಂಗಳದ ಗಿಡಗಳಿಗೆ ನೀರು ಬಿಡುತ್ತಿದ್ದ ನನ್ನ ಹೆಂಡತಿಯ ಕೈಯಿಂದ ಪೈಪು ಕಿತ್ತುಕೊಂಡರು.

"ಮಾವ, ಅದು ಹೊಗೆ ಅಲ್ಲ, ಗ್ಯಾಸು!"

"ಗ್ಯಾಸಾ?" ಎಂದವರೇ ನಲ್ಲಿಯನ್ನು ಪೂರ್ತಿ ತಿರುಗಿಸಿದರು.

ಎಂಜಿನ್ನು ಮಿಂದಿತು, ಸೀಟು ಮಿಂದಿತು, ಅಡ್ಡ ಬಂದ ನಾನೂ ಮಿಂದೆ. ಎಲ್ಲ ತಣ್ಣಗಾದ ಮೇಲೆ ಕೀಲಿ ತಿರುಗಿಸಿದರೆ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎರಡು ಬೀದಿಯಾಚೆಯ ಮೆಕ್ಯಾನಿಕ್ಕೇ ಗತಿ!

"ನಾನು ಸ್ಟೀರಿಂಗ್ ಹಿಡೀತೀನಿ," ಎಂದು ಮಾವನವರು ಒಳಗೆ ಕೂತರು.

"ಬೆಲ್ಟ್ ಹಾಕ್ಕೊಳ್ಳಪ್ಪಾ," ಎಂದಳು ಹೆಂಡತಿ. ನನ್ನತ್ತ ತಿರುಗಿ, "ನೀವೇನು ನೋಡ್ತಾ ನಿಂತ್ರಿ? ತಳ್ಳಿ!"

ಒದ್ದೆ ಚಪ್ಪಲಿ ಜಾರುತ್ತಿತ್ತು. ಸೊಂಟ ಕಟಕಟ ಎನ್ನುತ್ತಿತ್ತು. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಳ್ಳಿದೆ. ಬೀದಿಯ ತಿರುವಿನಲ್ಲಿ ಮಾವನವರು ಕಿಟಕಿಯಿಂದ ತಲೆ ಹೊರಹಾಕಿದರು. ಮುಖ ಅರಳಿತ್ತು.

"ಅಳಿಯಂದ್ರೇ, ಸುಳ್ಳು ಹೇಳ್ಬಾರ್ದು. ಇವತ್ತು ಪಿಕಪ್ ಚೆನ್ನಾಗಿದೆ!"