ಇಲಿಗಳ ಸ್ನೇಹ ಅಳೆಯೋ ಕೆಲಸ

ನಂಬಲ್ಲ ನೀವು, ಖಂಡಿತ ನಂಬಲ್ಲ, ಆದ್ರೂ ಹೇಳ್ತೀನಿ ಕೇಳಿ. ಇವತ್ತು ಮಧ್ಯಾಹ್ನ ನಮ್ಮ ಲ್ಯಾಬಲ್ಲಿ ಒಂದು ಘಟನೆ ನಡೀತು. ಟಾಲಿಗಂಜಲ್ಲಿ ಮೆಟ್ರೋ ಹತ್ತಿದವನು ಡಮ್ ಡಮ್ ಬರೋ ತನಕ ಒಬ್ಬನೇ ನಗ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಬ್ಯಾಗ್ ತಬ್ಬಿಕೊಂಡು ದೂರ ಸರಿದ್ರು.

ಇಂಥದ್ದೆಲ್ಲಾ ನಮ್ಮ ಲ್ಯಾಬಲ್ಲಿ ಆಗ್ತಾನೇ ಇರುತ್ತೆ, ಏನ್ ಮಾಡೋದು. ಆದ್ರೆ ಇವತ್ತಿಂದು ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದಿಂದ ಹೇಳ್ಬೇಕು.

ನಾನು ಬೆಂಗಳೂರಿನವನು, ಓದಿದ್ದು ಕಂಪ್ಯೂಟರ್. ಕೋಲ್ಕತ್ತಾದಲ್ಲಿ ನನ್ನ ಕೆಲಸ ಏನಪ್ಪಾ ಅಂದ್ರೆ, ಇಲಿಗಳು ಒಂದರ ಜೊತೆ ಒಂದು ಹೇಗಿರ್ತವೆ ಅಂತ ಅಳೆಯೋದು. ಪಂಜರದ ಮೇಲೆ ಕ್ಯಾಮೆರಾ. ಯಾರು ಯಾರ ಹತ್ರ ಹೋದ್ರು, ಯಾರು ಯಾರನ್ನ ಮೂಸಿದ್ರು, ಯಾರು ಮುಖ ತಿರುಗಿಸ್ಕೊಂಡು ಹೋದ್ರು, ಎಲ್ಲಾ ನನ್ನ ಪ್ರೋಗ್ರಾಂ ತಾನೇ ನೋಡಿ ತಾನೇ ಹೇಳುತ್ತೆ. ನಾನೇ ಬರೆದಿದ್ದು! ಪೂರ್ತಿ ನಾನೇ!

ಮುಂಚೆ ಈ ಕೆಲಸ ಮಾಡ್ತಿದ್ದವರು ನಮ್ಮ ಸೀನಿಯರ್. ಎಲ್ರೂ ಅವರನ್ನ ದಾದಾ ಅಂತೀವಿ, ಬಂಗಾಳಿಯಲ್ಲಿ ಅಣ್ಣ ಅಂತ. ಕೈಯಲ್ಲಿ ಸ್ಟಾಪ್‌ವಾಚ್, ಕಣ್ಣು ಪಂಜರದ ಮೇಲೆ, ವರ್ಷಾನುಗಟ್ಟಲೆ. ಅವರಿಗೆ ನನ್ನ ಪ್ರೋಗ್ರಾಂ ಕಂಡ್ರೆ ಮೈಯೆಲ್ಲಾ ಉರಿ. "ಯಂತ್ರಕ್ಕೆ ಸ್ನೇಹ ಅಂದ್ರೆ ಏನು ಗೊತ್ತಯ್ಯಾ? ಅದು ಯಾವತ್ತಾದ್ರೂ ನಾಲ್ಕು ಜನರ ಜೊತೆ ಟೀ ಕುಡ್ಕೊಂಡು ಅಡ್ಡಾ ಹರಟೆ ಹೊಡೆದಿದ್ಯಾ?" ಅಂತಾರೆ.

ಲ್ಯಾಬಿನ ಮುಖ್ಯಸ್ಥೆ ನಮ್ಮ ಮೇಡಂ. ಅವರು ಒಂದೇ ಮಾತು ಹೇಳಿಬಿಟ್ಟಿದ್ರು. "ದೆಹಲಿಯಿಂದ ಒಬ್ರು ಪರೀಕ್ಷೆ ಮಾಡೋಕೆ ಬರ್ತಾರೆ. ಅವರ ಮುಂದೆ ನಿನ್ನ ಕ್ಯಾಮೆರಾ, ದಾದಾನ ಕಣ್ಣು ಎರಡೂ ಒಂದೇ ಹೇಳ್ಬೇಕು. ಹೇಳಿದ್ರೆ ಇನ್ಮೇಲೆ ಲ್ಯಾಬಲ್ಲಿ ನಿನ್ನ ಪ್ರೋಗ್ರಾಂ. ಇಲ್ಲಾ, ಗಂಟುಮೂಟೆ ಕಟ್ಟು, ವಾಪಸ್ ಸ್ಟಾಪ್‌ವಾಚ್."

ಅಂದ್ರೆ ನನ್ನ ಕೆಲಸ, ನನ್ನ ಮರ್ಯಾದೆ, ಎರಡೂ ಇಲಿ ಕಾಲಡಿ.

ಪ್ರಾಣಸ್ನೇಹಿತ

ಪ್ರೋಗ್ರಾಂ ಓಡಿದ ಮೊದಲನೇ ವಾರ. ಬೆಳಿಗ್ಗೆ ಬಂದು ನೋಡ್ತೀನಿ, ಒಂದು ಇಲಿಗೆ ಸ್ನೇಹದ ಅಂಕ ಆಕಾಶಕ್ಕೆ ಹೋಗಿದೆ. ಇಷ್ಟು ಸ್ನೇಹಜೀವಿಯಾದ ಇಲಿ ಭೂಮಿ ಮೇಲೆ ಹುಟ್ಟೇ ಇಲ್ಲ! ಒಬ್ಬನೇ ಗೆಳೆಯ, ಅವನ ಜೊತೆ ಮೂಗಿಗೆ ಮೂಗು ತಾಗಿಸಿ ನಿಂತಿದ್ದು ನಿಂತಂಗೇ. ಇವನು ಎಡಕ್ಕೆ ಹೋದ್ರೆ ಅವನೂ ಎಡಕ್ಕೆ, ಇವನು ಮೀಸೆ ಒರೆಸಿದ್ರೆ ಅವನೂ ಒರೆಸ್ತಾನೆ.

ಓಡಿ ಹೋಗಿ ಮೇಡಂನ ಕರ್ಕೊಂಡು ಬಂದೆ. "ಮೇಡಂ, ದೊಡ್ಡ ಸಂಶೋಧನೆ! ಇಂಥ ಹೊಂದಾಣಿಕೆ ಯಾರೂ ಕಂಡಿರಲ್ಲ!"

ಮೇಡಂ ಬಗ್ಗಿ ಪಂಜರ ನೋಡಿದ್ರು. ಒಳಗೆ ಒಂದೇ ಇಲಿ. ಪಂಜರಕ್ಕೆ ನಾನು ಹೊಸದಾಗಿ ಹಾಕಿಸಿದ್ದ ಗೋಡೆ ಫಳಫಳ ಹೊಳೀತಿತ್ತು, ಇಲಿ ತನ್ನ ಪ್ರತಿಬಿಂಬಾನೇ ನೋಡ್ಕೊಂಡು ನಿಂತಿತ್ತು.

ದಾದಾ ಹಿಂದಿನಿಂದ ಮೆಲ್ಲಗೆ ಅಂದ್ರು, "ತಪ್ಪೇನಿಲ್ಲ ಬಿಡಿ ಮೇಡಂ. ನಮ್ಮ ಹುಡುಗನೂ ಕನ್ನಡಿ ಮುಂದೆ ನಿಂತ್ರೆ ಹಂಗೇ."

ಡೈ ಯಾರಿಗೆ?

ಬಿಳಿ ಇಲಿಗಳೆಲ್ಲಾ ನೋಡೋಕೆ ಒಂದೇ ತರ. ಮೇಲಿನಿಂದ ನೋಡೋ ಕ್ಯಾಮೆರಾಗೆ ಯಾವುದು ಯಾರು ಅಂತ ಗೊತ್ತಾಗ್ಬೇಕಲ್ಲ? ಅದಕ್ಕೆ ಬೆನ್ನ ಮೇಲೆ ಗುರುತು ಹಾಕ್ತೀವಿ. ಒಂದಕ್ಕೆ ಚುಕ್ಕೆ, ಇನ್ನೊಂದಕ್ಕೆ ಪಟ್ಟೆ. ಮಾಮೂಲಿ ತಲೆಗೂದಲಿನ ಕಪ್ಪು ಡೈ, ಅಷ್ಟೇ.

ನಮ್ಮ ಪಾಡಾದಲ್ಲಿ, ಅಂದ್ರೆ ನಾನಿರೋ ಡಮ್ ಡಮ್‌ನ ಗಲ್ಲಿಯಲ್ಲಿ, ಒಂದು ಸಣ್ಣ ಅಂಗಡಿ. ಯಜಮಾನರನ್ನ ಎಲ್ರೂ ಕಾಕು, ಅಂದ್ರೆ ಚಿಕ್ಕಪ್ಪ, ಅಂತಾರೆ; ಅವರಿಗೆ ಇಡೀ ಗಲ್ಲಿಯ ಸಮಾಚಾರ ಬೇಕು. ಡೈ ಕೇಳಿದೆ. ನನ್ನ ತಲೆ ನೋಡಿದ್ರು. ಒಂದು ಬಿಳಿ ಕೂದಲಿಲ್ಲ.

"ಯಾರಿಗೆ?"

ನಂಗೆ ಸುಳ್ಳು ಹೇಳೋಕೆ ಬರಲ್ಲ. "ಇಲಿಗೆ ಕಾಕು."

"ವಯಸ್ಸಾಗಿದ್ಯಾ?"

"ಇಲ್ಲ, ಹುಟ್ಟಿದಾಗಿಂದ ಬಿಳಿ. ಬೆನ್ನಿಗೆ ಮಾತ್ರ ಹಚ್ತೀವಿ. ಆಮೇಲೆ ಬೇರೆಯವರು ಅವನ ಜೊತೆ ಹೇಗೆ ನಡ್ಕೊಳ್ತಾರೆ ಅಂತ ಕ್ಯಾಮೆರಾದಲ್ಲಿ ನೋಡ್ತೀವಿ."

ಅವರು ಅಕ್ಕಪಕ್ಕ ನೋಡಿ, ತಮ್ಮ ಕಪ್ಪು ತಲೆ ಮೇಲೆ ಕೈ ಆಡಿಸ್ಕೊಂಡು, ನನ್ನ ಕಿವಿ ಹತ್ರ ಬಂದು ಕೇಳಿದ್ರು, "ಹಚ್ಚಿದ ಮೇಲೆ ಅವನ ಹೆಂಡ್ತಿ ಏನಾದ್ರೂ ಚೆನ್ನಾಗಿ ಮಾತಾಡಿಸಿದ್ಳಾ? ನಂಗಂತೂ ಏನೂ ವ್ಯತ್ಯಾಸ ಕಾಣ್ಲಿಲ್ಲ."

ಮೇಡಂ ಬಂದಾಗೆಲ್ಲಾ ಹಾಡು

ಗಂಡಿಲಿ ಹೆಣ್ಣಿಲಿಗೋಸ್ಕರ ಹಾಡುತ್ತೆ, ಗೊತ್ತಾ? ನಿಜವಾಗ್ಲೂ! ನಮ್ಮ ಕಿವಿಗೆ ಕೇಳಲ್ಲ, ಅಷ್ಟು ಎತ್ತರದ ಸ್ವರ. ಅದಕ್ಕೆ ವಿಶೇಷ ಮೈಕ್ ತರಿಸಿ, ಅದನ್ನೂ ನನ್ನ ಪ್ರೋಗ್ರಾಂಗೆ ಜೋಡಿಸಿದೆ. ಹಾಡು ಬಂದ ತಕ್ಷಣ ಪರದೆ ಮೇಲೆ ಹಸಿರು ದೀಪ. ಎಷ್ಟು ಚೆಂದ ಕೆಲಸ ಮಾಡ್ತಿತ್ತು ಅಂತೀರಿ!

ಆದ್ರೆ ಒಂದು ವಿಚಿತ್ರ. ಮೇಡಂ ರೂಮಿಗೆ ಬಂದ್ರೆ ದೀಪ ಹತ್ತುತ್ತೆ, ಹೋದ್ರೆ ಆರುತ್ತೆ. ಪಂಜರ ಖಾಲಿ ಇದ್ರೂ ಹತ್ತುತ್ತೆ! ಮೈಕ್ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಏನೂ ಆಗ್ಲಿಲ್ಲ. ಕೊನೆಗೆ ಒಂದಿನ ಮೇಡಂಗೇ ಹೇಳಿಬಿಡೋಣ ಅಂತ ಧೈರ್ಯ ಮಾಡಿದೆ.

ಇದರ ಕಾರಣ ಆಮೇಲೆ ಗೊತ್ತಾಯ್ತು. ಇಲ್ಲಿ ಹಳೇ ಮನೆತನದ ಹೆಂಗಸರು ಕೀಗೊಂಚಲನ್ನ ಸೆರಗಿನ ತುದಿಗೆ ಕಟ್ಟಿ, ಹೆಗಲ ಮೇಲಿಂದ ಬೆನ್ನಿಗೆ ಎಸೆದುಕೊಳ್ತಾರೆ. ನಮ್ಮ ಮೇಡಂ ಎಷ್ಟೇ ಓದಿದ್ರೂ ಅವರ ಅಜ್ಜಿ ತರಾನೇ, ಇಡೀ ಲ್ಯಾಬಿನ ಕೀಗಳು ಸೆರಗಲ್ಲಿ. ಕೀಗಳು ಒಂದಕ್ಕೊಂದು ತಾಗಿದ್ರೆ ನಮಗೆ ಕೇಳೋ ಝಣಝಣದ ಜೊತೆ, ಕೇಳದೇ ಇರೋ ಎತ್ತರದ ಸ್ವರಾನೂ ಬರುತ್ತೆ. ಮೈಕ್ ಅದನ್ನೇ ಇಲಿಯ ಪ್ರೇಮಗೀತೆ ಅಂದ್ಕೊಳ್ತಿತ್ತು. ನಮ್ಮ ಕಿವಿಗೆ ಕೇಳದ್ದನ್ನ ಹಿಡಿದಿತ್ತಲ್ಲ, ಅದೇ ನಂಗೆ ಹೆಮ್ಮೆ!

ಆದ್ರೆ ಆವತ್ತು ಇದೆಲ್ಲಾ ಗೊತ್ತಿರ್ಲಿಲ್ವಲ್ಲ. ಗಂಭೀರವಾಗಿ ಹೇಳಿದೆ, "ಮೇಡಂ, ನೀವು ಬಂದಾಗೆಲ್ಲಾ ಈ ರೂಮಲ್ಲಿ ಯಾವುದೋ ಗಂಡು ಹಾಡ್ತಾ ಇದೆ."

ರೂಮಲ್ಲಿ ಇದ್ದಿದ್ದು ನಾವು ಮೂರೇ ಜನ. ಮೇಡಂ ನಿಧಾನವಾಗಿ ದಾದಾ ಕಡೆ ತಿರುಗಿದ್ರು.

ದಾದಾ ಸ್ಟಾಪ್‌ವಾಚ್ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ್ರು. "ನಾನು ಬಾತ್‌ರೂಮಲ್ಲಿ ಬಿಟ್ರೆ ಎಲ್ಲೂ ಹಾಡಲ್ಲ ಮೇಡಂ!"

ಇವತ್ತು

ಈಗ ಇವತ್ತಿಂದು. ದೆಹಲಿ ಸಾಹೇಬ್ರು ಬಂದ್ರು. ರಸಗುಲ್ಲ ತಿನ್ನುವಾಗ್ಲೂ ಮುಖದಲ್ಲಿ ಒಂದು ಗೆರೆ ಅಲ್ಲಾಡದೇ ಇರೋ ಅಂಥ ಮನುಷ್ಯ.

ದಾದಾನೇ ಎರಡು ಇಲಿ ಆರಿಸ್ಕೊಟ್ರು. "ಎರಡೂ ಗಂಡು. ಅಣ್ಣ ತಮ್ಮ. ಬಹಳ ದಿನದಿಂದ ಒಂದೇ ಪಂಜರ." ಅಣ್ಣ ಸ್ವಲ್ಪ ದುಂಡಗಿದ್ದ. ಕೇಳಿದ್ದಕ್ಕೆ ದಾದಾ, "ಊಟ ಆದ್ಮೇಲೆ ಮಲಗೋ ಜಾತಿ. ಅಪ್ಪಟ ಬಂಗಾಳಿ," ಅಂದ್ರು. ನಾನು ಯಾಕೆ ಮಾತಾಡ್ಲಿ? ಹೊಸಬರಿಗೆಲ್ಲಾ ಗಂಡಿಲಿ ಯಾವುದು ಹೆಣ್ಣಿಲಿ ಯಾವುದು ಅಂತ ಕಲಿಸೋರೇ ದಾದಾ. ನಂಗೂ ಅವರೇ ಕಲಿಸಿದ್ದು.

ಶುರುವಾಯ್ತು. ಇಲಿಗಳು ಮೂಸಿದ್ರೆ ದಾದಾ ಸ್ಟಾಪ್‌ವಾಚ್ ಒತ್ತುತ್ತಾರೆ, ಅದೇ ಕ್ಷಣ ನನ್ನ ಪರದೆ ಮಿನುಗುತ್ತೆ. ಒತ್ತುತ್ತಾರೆ, ಮಿನುಗುತ್ತೆ. ಆಹಾ! ಜುಗಲ್‌ಬಂದಿ ಅಂದ್ರೆ ಅದು! ಮೇಡಂ ಮುಖದಲ್ಲಿ ನಗು. ನಾನು ಮನಸ್ಸಲ್ಲೇ ಗೆದ್ದುಬಿಟ್ಟಿದ್ದೆ.

ಅಷ್ಟರಲ್ಲಿ ದುಂಡಣ್ಣ ಮೂಲೆಗೆ ಹೋಗಿ ಕೂತ. ಪರದೆ ಮೇಲೆ, ಇಲಿಗಳ ಸಂಖ್ಯೆ ತೋರಿಸೋ ಜಾಗದಲ್ಲಿ, ಎರಡು ಹೋಗಿ ಮೂರಾಯ್ತು.

ಕಣ್ಣುಜ್ಜಿಕೊಂಡು ನೋಡಿದೆ, ಮೂರೇ.

"ಅರೇ ಬಾಬಾ," ದಾದಾ ಅಂದ್ರು, "ಯಂತ್ರಕ್ಕೆ ಎರಡೆರಡು ಕಾಣಿಸ್ತಿದೆ. ಏನಯ್ಯಾ ಕುಡಿಸಿದೆ ಅದಕ್ಕೆ?"

ನಾಲ್ಕಾಯ್ತು.

"ಶಾಭಾಶ್! ಜನಗಣತಿ ಶುರು ಮಾಡ್ಕೊಂಡಿದೆ!"

ಐದಾಯ್ತು. ಸಾಹೇಬ್ರು ಪೆನ್ನು ಕೆಳಗಿಟ್ರು. ಮೇಡಂ ಕಣ್ಣು ಮುಚ್ಕೊಂಡ್ರು. ಮುಗೀತು, ನಾಳೆನೇ ಹೌರಾದಲ್ಲಿ ರೈಲು ಹತ್ತೋದೇ ಅಂದ್ಕೊಂಡು ಸ್ವಿಚ್ಚಿಗೆ ಕೈ ಹಾಕಿದೆ.

"ಆರಿಸ್ಬೇಡ!" ಸಾಹೇಬ್ರ ದನಿ. ಕನ್ನಡಕ ಏರಿಸಿ, ಪಂಜರಕ್ಕೆ ಮೂಗು ತಾಗೋ ಹಾಗೆ ಬಗ್ಗಿದ್ರು. ನಾವೂ ಬಗ್ಗಿದ್ವಿ.

ಅಣ್ಣ ಹೆರ್ತಾ ಇದ್ದ!

ಗುಲಾಬಿ ಬಣ್ಣದ ಪುಟ್ಟಪುಟ್ಟ ಮರಿಗಳು, ಹುರುಳಿಕಾಯಿ ಬೀಜದಷ್ಟು. ನನ್ನ ಪ್ರೋಗ್ರಾಂ ಒಂದೊಂದಾಗಿ ಹಿಡಿದು ಎಣಿಸ್ತಾ ಇದೆ! ನಾವು ನಾಲ್ಕು ಜನ ಕಣ್ಣು ಬಿಟ್ಕೊಂಡು ನಿಂತಿದ್ರೂ ಕಾಣದೇ ಇದ್ದಿದ್ದನ್ನ! ತಮ್ಮ ಮಾತ್ರ ಎದುರು ಮೂಲೆಯಲ್ಲಿ ಮೀಸೆ ಒರೆಸ್ಕೊಂಡು, ತನಗೂ ಇದಕ್ಕೂ ಸಂಬಂಧಾನೇ ಇಲ್ಲ ಅನ್ನೋ ಹಾಗೆ ಕೂತಿದ್ದ.

ಸಾಹೇಬ್ರು ನೆಟ್ಟಗೆ ನಿಂತ್ರು. "ಯಂತ್ರ ಸರಿಯಾಗೇ ಇದೆ. ಇವು ಅಣ್ಣ ತಮ್ಮ ಅಂತ ಹೇಳಿದ್ದು ಯಾರು?"

ದಾದಾ ಮುಖ ಸುಣ್ಣ. ನನ್ನ ಕಡೆ ನೋಡಿದ್ರು. ಇಷ್ಟು ದಿನ ನನ್ನ ಕಾಲೆಳೆದ ಆ ದಾದಾ, ಬೈಸಿಕೊಳ್ಳೋ ಸ್ಕೂಲ್ ಹುಡುಗನ ತರ ನಿಂತಿದ್ರು. "ಅವರೇ ಸಾರ್" ಅಂತ ಬೆರಳು ತೋರಿಸಿದ್ರೆ ಸಾಕಿತ್ತು, ನಾನು ಪೂರ್ತಿ ಗೆದ್ದಂಗೆ.

ನನ್ನ ಬಾಯಿ ಏನಂತು ಗೊತ್ತಾ?

"ಸಾರ್, ಅದೇ ಸಾರ್ ಪರೀಕ್ಷೆ! ಯಂತ್ರಕ್ಕೆ ಹೇಳದೇನೇ ಬಸುರಿ ಇಲಿ ಬಿಟ್ರೆ ಕಂಡುಹಿಡಿಯುತ್ತಾ ಅಂತ ದಾದಾ ಬೇಕಂತಲೇ ಇಟ್ಟಿದ್ದು!"

ದಾದಾ ಒಂದು ಸಲ ಕಣ್ಣು ಮಿಟುಕಿಸಿದ್ರು. ಕೆಮ್ಮಿದ್ರು. ಕಾಲರ್ ಸರಿ ಮಾಡ್ಕೊಂಡ್ರು. "ಹ್ಞಾಂ ಹ್ಞಾಂ. ಮೊದಲೇ ಹೇಳಿಬಿಟ್ರೆ ಅದೆಂಥ ಪರೀಕ್ಷೆ? ದಿನ ಲೆಕ್ಕ ಹಾಕಿ, ಸರಿಯಾಗಿ ತಾವು ರಸಗುಲ್ಲ ತಿಂದು ಮುಗಿಸೋ ಹೊತ್ತಿಗೆ ಹೆರಿಗೆ ಆಗೋ ಹಾಗೆ ಜೋಡಿ ಮಾಡಿದ್ದೆ." ಅಲ್ಲಿಗೆ ನಿಲ್ಲಿಸಿದ್ರಾ? ಇಲ್ಲ! ಕುರ್ಚಿ ಎಳ್ಕೊಂಡು ಕೂತು ಭಾಷಣಾನೇ ಶುರು ಮಾಡಿದ್ರು. ಮೇಡಂ ಸೆರಗಿಂದ ಬಾಯಿ ಮುಚ್ಕೊಂಡು ಕಿಟಕಿ ಕಡೆ ತಿರುಗಿದ್ರು, ಬೆನ್ನು ಮಾತ್ರ ಕುಲುಕ್ತಾ ಇತ್ತು.

ಸಾಹೇಬ್ರು ನನ್ನ ಪ್ರೋಗ್ರಾಂ ಪಾಸ್ ಮಾಡಿದ್ರು! ಇನ್ಮೇಲೆ ಲ್ಯಾಬಲ್ಲಿ ಅದೇ! ಆದ್ರೆ ಕೈ ಕುಲುಕಿದ್ದು ಯಾರದ್ದು? ದಾದಾದು. "ಇಷ್ಟು ಕರಾರುವಾಕ್ಕಾಗಿ ಹೆರಿಗೆ ಹೊಂದಿಸೋರನ್ನ ನಾನು ನೋಡೇ ಇಲ್ಲ. ನೀವು ದೆಹಲಿಗೆ ಬರ್ಬೇಕು. ಮಂತ್ರಿಗಳು ಲ್ಯಾಬ್ ನೋಡೋಕೆ ಬರ್ತಾರೆ. ಅವರು ಒಳಗೆ ಕಾಲಿಟ್ಟ ತಕ್ಷಣ ನಮ್ಮ ಇಲಿನೂ ಹೀಗೇ ಹೆರಬೇಕು!"

ದಾದಾ ನಗ್ತಾನೇ ಅವರನ್ನ ಕಾರ್ ಹತ್ತಿಸಿ, ವಾಪಸ್ ಬಂದು ನನ್ನ ಕಾಲರ್ ಹಿಡ್ಕೊಂಡ್ರು. "ಎಂಥ ಕೆಲಸ ಮಾಡಿದ್ಯಯ್ಯಾ! ಸುಮ್ನೆ ನನ್ನ ಹೆಸರು ಹೇಳಿದ್ರೆ ಒಂದು ಬೈಗುಳದಲ್ಲಿ ಮುಗೀತಿತ್ತು. ಈಗ ಮಂತ್ರಿ ಮುಂದೆ ಇಲಿಗೆ ಹೆರಿಗೆ ಮಾಡಿಸ್ಬೇಕಂತೆ, ಗಂಡು ಯಾವುದು ಹೆಣ್ಣು ಯಾವುದು ಅಂತಾನೇ ಗೊತ್ತಾಗದವನು ನಾನು!"

ಮೇಡಂ ಹೇಳಿಬಿಟ್ಟಿದ್ದಾರೆ, ದೆಹಲಿಗೆ ದಾದಾ ಜೊತೆ ನಾನೂ ಹೋಗ್ಬೇಕಂತೆ, ಸಹಾಯಕ್ಕೆ. ನೀವೇ ಹೇಳಿ, ಆ ಕ್ಷಣದಲ್ಲಿ ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?