ಜೂನ್ ಎಂದರೆ ಐದು

ವೆಬ್ ಪುಟ ಬರೆಯುವ ಆ ಕಂಪ್ಯೂಟರ್ ಭಾಷೆಗೆ ಒಂದು ಕೆಟ್ಟ ಚಾಳಿ. ತಿಂಗಳುಗಳನ್ನು ಅದು ಸೊನ್ನೆಯಿಂದ ಎಣಿಸುತ್ತದೆ. ಜನವರಿ ಸೊನ್ನೆ, ಜೂನ್ ಐದು. ಮನುಷ್ಯರಿಗೆ ತೋರಿಸುವಾಗ ನಾವೇ ಒಂದು ಕೂಡಿಸಬೇಕು. ಇಪ್ಪತ್ತೈದು ವರ್ಷ ಇದರಲ್ಲೇ ಕೂದಲು ಉದುರಿಸಿಕೊಂಡ ಪೆನ್ಸಿಲ್‌ಗೆ ಐದು ಕಂಡರೆ ಜೂನ್ ಎಂದೇ ಓದುವ ಅಭ್ಯಾಸವಾಗಿತ್ತು.

ಪೆನ್ಸಿಲ್ ಎಂಬುದು ಶಾಲೆಯಲ್ಲಿ ಅಂಟಿದ ಅಡ್ಡಹೆಸರು. ಹಳೆಯ ಸಹಪಾಠಿಗಳ ಕೂಟಕ್ಕೆ ಆಮಂತ್ರಣ ಕಳಿಸುವ ಪ್ರೋಗ್ರಾಂ ಅವನದೇ ಕೈಚಳಕ. ಜೂನ್ ಹನ್ನೆರಡು, ಅದೇ ಹಳೆಯ ತರಗತಿ. ಲೆಕ್ಕದ ಮೇಷ್ಟ್ರು ಮತ್ತೊಮ್ಮೆ ಹಾಜರಿ ಕರೆಯಬೇಕು, ಮೂರನೇ ಬೆಂಚಿನಿಂದ ತಾನು "ಹಾಜರ್ ಸಾರ್" ಎನ್ನಬೇಕು. ಮೂವತ್ತಾರು ವರ್ಷವಾದರೂ ಮೇಷ್ಟ್ರ ಆ ದನಿ ಅವನ ಕಿವಿಯಲ್ಲೇ ಇತ್ತು. ಆಮಂತ್ರಣದಲ್ಲಿ 12-5 ಎಂದು ಮೂಡಿತ್ತು. ಎರಡು ಸಲ ನೋಡಿ, ಸರಿಯಾಗಿದೆ ಎಂದು ಕಳಿಸಿಬಿಟ್ಟ.

ಮೇ ಹನ್ನೆರಡರ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ಅಂದಿನ ಬೆಂಚಿನ ಜೊತೆಗಾರ, ಇಂದಿನ ಟೈಲರ್.

"ಎಲ್ಲಿದ್ದೀಯೋ? ಶಾಲೆ ಗೇಟಿಗೆ ಬೀಗ. ನಾನೊಬ್ನೇ ಬೆಪ್ಪನ ಹಾಗೆ ನಿಂತಿದ್ದೀನಿ!"

"ಕೂಟ ಮುಂದಿನ ತಿಂಗಳು ಕಣೋ!"

"ಹನ್ನೆರಡು, ಐದು ಅಂತ ನೀನೇ ತಾನೆ ಕಳ್ಸಿದ್ದು?"

ಪೆನ್ಸಿಲ್ ಆಮಂತ್ರಣ ತೆರೆದು ನೋಡಿದ. "ನೀನು ಮನೆಗೆ ಹೋಗು. ಉಳಿದೋರು ಹೊರಡೋದ್ರೊಳಗೆ ತಿದ್ದಿ ಕಳಿಸ್ತೀನಿ."

ಎರಡು ನಿಮಿಷದ ಕೆಲಸ. ಆದರೆ ಆಫೀಸು ಎಂದಮೇಲೆ ಕೇಳಬೇಕೆ? ಪಕ್ಕದ ಮೇಜಿನಾಕೆ ಕುರ್ಚಿ ಎಳೆದುಕೊಂಡು ಬಂದಳು. "ಅಂಕಿ ಬೇಡ ಸಾರ್, ತಿಂಗಳ ಹೆಸರೇ ಹಾಕಿ." ಹಾಕಿದರೆ, ಅವನು ಆಗಲೇ ಒಂದು ಕೂಡಿಸಿ ಆರು ಮಾಡಿದ್ದರಿಂದ, ಸೊನ್ನೆಯಿಂದ ಎಣಿಸುವ ಆ ಭಾಷೆಯ ಲೆಕ್ಕದಲ್ಲಿ ಜುಲೈ ಬಂತು. ಅದೂ ಹೋಗಿಬಿಟ್ಟಿತು. ಮ್ಯಾನೇಜರ್ ಇಣುಕಿದರು. "ವರ್ಷ ಮೊದಲು ಬರ್ಲಿ ಕಣ್ರೀ, ಗೌರವವಾಗಿರುತ್ತೆ." ವರ್ಷ ಬಂತು, ದಿನ ಮಾಯವಾಯಿತು. ಊಟ ಬಿಟ್ಟು ಒದ್ದಾಡಿ "ಜೂನ್ 12" ಎಂದು ಕಳಿಸುವಷ್ಟರಲ್ಲಿ ಸಂಜೆ ನಾಲ್ಕು. ಒಬ್ಬರದೂ ಉತ್ತರವಿಲ್ಲ. ಯಾರೂ ಫೋನ್ ಎತ್ತುತ್ತಿಲ್ಲ. ಪೆನ್ಸಿಲ್ ಶಾಲೆಗೆ ಓಡಿದ.

ತರಗತಿಯಲ್ಲಿ ಮೇಷ್ಟ್ರೊಬ್ಬರೇ ಕರಿಹಲಗೆ ಒರೆಸುತ್ತಿದ್ದರು.

"ಈಗ ತಾನೇ ಎಲ್ಲಾ ಹೊರಟ್ರು ಕಣೋ. ಎಂಥಾ ದಿನ! ಕಾವಲುಗಾರ ನನ್ನ ನೋಡಿ ಬೀಗ ತೆಗೆದ. ಟೈಲರು ಮನೆಗೆ ಹೊರಟಿದ್ದ, ಹಿಡಿದು ಕೂರಿಸ್ದೆ. ಹಿಂದೆ ಗೋಲಿ ಕಿತ್ಕೊಂಡ ಹಾಗೆ ಎಲ್ಲರ ಫೋನೂ ಕಿತ್ಕೊಂಡೆ. ಹಾಜರಿ ಕರೆದೆ. ನೀನೊಬ್ಬನೇ ಇಲ್ಲ."

ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಗೈರು" ಎಂದಿತ್ತು. ಪೆನ್ಸಿಲ್‌ನ ಕಣ್ಣು ಮಂಜಾಯಿತು.

"ಇನ್ನೊಂದು ಸಲ ಕರೀರಿ ಸಾರ್, ನನ್ನ ಹೆಸರು ಮಾತ್ರ."

"ಸರಿಯಾದ ಕಾರಣ ಬರೆದುಕೊಡು. ಒಪ್ಪಿಗೆಯಾದ್ರೆ ಕರೀತೀನಿ."

ಅವನು ಮೂರನೇ ಬೆಂಚಿನಲ್ಲಿ ಮಂಡಿ ಮಡಚಿ ಕೂತು, ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಟ್ಟ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಮುಖ ಗಂಟಿಕ್ಕಿತು.

"ಜನವರಿ ಸೊನ್ನೆಯಂತೆ, ಜೂನ್ ಐದಂತೆ! ಐವತ್ತು ದಾಟಿದ್ರೂ ನಿಂಗೆ ನೆಟ್ಟಗೊಂದು ಸುಳ್ಳು ಹೇಳೋಕೆ ಬರಲಿಲ್ವಲ್ಲೋ," ಎಂದು ಹಾಜರಿ ಪುಸ್ತಕ ಮುಚ್ಚಿದರು.