ವೈರಿಯ ಬಾಯಿಂದ ಒಂದು ಒಳ್ಳೆಯ ಮಾತು

ವೈರಿಗಳಿಲ್ಲದ ಮನುಷ್ಯನ ಬಗ್ಗೆ ನಮ್ಮ ಕಾಕಾ ಒಂದು ಸಾಲೂ ಬರೆಯಲಾರ. ವೈರಿಗಳೇ ಇಲ್ಲದಿದ್ದರೆ ಹೊಗಳುವವರು ಯಾರು!

ನಗಬೇಡಿ. ಚಿಕ್ಕೋಡಿಯಲ್ಲಿ ಕೂತು ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಲೇ ತಲೆ ನರೆಸಿಕೊಂಡ ಕಾಕಾನ ಕಟ್ಟಳೆ ಇದು: ಗುಣವನ್ನು ವೈರಿಯ ಬಾಯಿಂದ ಕೇಳಬೇಕು, ದೋಷವನ್ನು ಗೆಳೆಯನ ಬಾಯಿಂದ. ಉಳಿದದ್ದೆಲ್ಲ ಜಾಹೀರಾತು. ನನಗೆ ಗಂಡು ನೋಡಲು ರಾಯಬಾಗಕ್ಕೆ ಹೋದವನು ಹುಡುಗನ ಮನೆಗೆ ಕಾಲಿಡಲೇ ಇಲ್ಲ; ಹೊಲದ ಬದುವಿಗಾಗಿ ಅವರ ಮೇಲೆ ಕೋರ್ಟಿಗೆ ಹೋಗಿದ್ದವರ ಮನೆಯಲ್ಲಿ ಉಂಡು ಬಂದ!

"ಅವರೂ ಹುಡುಗ ಚಲೋ ಅದಾನ ಅಂದ್ರು. ಕೊಟ್ಟಬಿಡ್ರಿ" ಎಂದ.

ಕೊಟ್ಟರು. ಹುಡುಗನ ಗೆಳೆಯರನ್ನು ಕೇಳಲು ಮಾತ್ರ ಅಂದು ಹೊತ್ತು ಸಾಲಲಿಲ್ಲವಂತೆ. ಆ ದೋಷಗಳನ್ನು ನಾನೇ ಒಂದೊಂದಾಗಿ ಕಂಡುಕೊಳ್ಳುತ್ತಿದ್ದೇನೆ.

ಇಂಥವನು ರಾಜ್ಯಪಾಲರೊಬ್ಬರ ಜೀವನಚರಿತ್ರೆ ಬರೆಯಲು ಹೊರಟ. ಅವರು ಹೊಳೆದಂಡೆಯ ಜುಗೂಳದವರು. ದೂರದ ರಾಜ್ಯವೊಂದರಲ್ಲಿ, ಜನ ಆರಿಸಿದ ಸರಕಾರವನ್ನೇ ವಜಾ ಮಾಡಿಸಿ ಊರೂರಲ್ಲಿ ಬೈಸಿಕೊಂಡವರು. ಈಗ ನಿವೃತ್ತರಾಗಿ, ಊರಿಗೆ ಮರಳಿ, ಹಾಸಿಗೆ ಹಿಡಿದಿದ್ದರು. ಅವರು ಬದುಕಿರುವಾಗಲೇ ಕಿವಿಗೆ ಬೀಳುವಂತೆ ಪುಸ್ತಕ ಮುಗಿಸಬೇಕೆಂಬುದು ಕಾಕಾನ ಹಟ.

ಅಥಣಿಯಲ್ಲಿ ದ್ರಾಕ್ಷಿ ಬೆಳೆಯುವ ಅವರ ಹಳೆಯ ಎದುರಾಳಿಯೊಬ್ಬರನ್ನು ಅರ್ಧ ದಿನ ಕಾಡಿದ.

"ಒಂದರೆ ಚಲೋ ಮಾತ ಹೇಳ್ರಿ, ಸಾಹುಕಾರ್ರ."

"ನನಗ ಬೈಯುವಾಗೂ ಬಹುವಚನದಾಗ ಬೈತಿದ್ದ ನೋಡ್ರಿ. ಸಾಕ?"

ನಿಪ್ಪಾಣಿಯಲ್ಲಿದ್ದ ರಾಜ್ಯಪಾಲರ ಪರಮಶಿಷ್ಯನೊಬ್ಬ ಕೈ ಮುಗಿದ. "ಸಾಹೇಬರ ತಪ್ಪ? ದೇವರಾಣಿ, ನಾಲಿಗಿ ಹೊಳ್ಳಂಗಿಲ್ರಿ!" ಎರಡನೆಯ ಚಹಾ ಬಂತು. ಸಣ್ಣದೊಂದು ತಪ್ಪು ಹೇಳಿದ. ಆಮೇಲೆ ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ!

ಕಡೆಗೆ ಉಳಿದವನು ನನ್ನ ಅಪ್ಪ, ಕಾಕಾನ ಅಣ್ಣ. ರಾಜ್ಯಪಾಲರ ಬಾಲ್ಯದ ಗೆಳೆಯ. ಸರಕಾರ ವಜಾ ಆದ ಸುದ್ದಿ ಓದಿದ ದಿನವೇ ಅವರೊಡನೆ ಮಾತು ಬಿಟ್ಟವನು, ಮತ್ತೆ ಆಡಿರಲಿಲ್ಲ.

"ಅಣ್ಣಾ, ಅಂವಂದ ಒಂದ ಚಲೋ ಮಾತ..."

"ಮಂದಿ ಓಟಿಗೆ ಕಿಮ್ಮತ್ತ ಕೊಡದಾಂವಂದ ಚಲೋದ ಏನಲೇ?"

ಕಾಕಾ ಪೆನ್ನಿನ ಮುಚ್ಚಳ ತೆಗೆದ. ತವರಿಗೆ ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಅಪ್ಪ ಅಂಗಳದತ್ತ ಮುಖ ಮಾಡಿದ.

"ಸಣ್ಣಾಂವ ಇದ್ದಾಗ ಹೊಳಿಯಾಗ ಕಾಲ ಜಾರಿ ಮುಳುಗಾಕತ್ತಿದ್ದೆ. ದಂಡಿ ಮ್ಯಾಲ ಇದ್ದ ಅಂವ ಜಿಗದಬಿಟ್ಟ. ಹುಚ್ಚಗ ಈಜ ಬರತಿರಲಿಲ್ಲಲೇ! ಅಂಬಿಗ ಬಂದು ಇಬ್ಬರನೂ ಕೂದಲಾ ಹಿಡದ ಎಳದ."

ನಗಲು ಹೋದ ಅಪ್ಪನ ದನಿ ನಡುವೆಯೇ ಒಡೆಯಿತು. ಅವನು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಕಾಕಾ ಪೆನ್ನನ್ನು ಕಿಸೆಗೆ ಸೇರಿಸಿದ. "ಇದನ್ನ ನಾ ಬರಿಯಂಗಿಲ್ಲಣ್ಣ. ನೀನ ಹೋಗಿ ಅಂವಗ ಹೇಳ. ಗಾಡಿ ಚಾಲೂ ಮಾಡ್ತೇನಿ."

ಅಪ್ಪ ಕಣ್ಣೊರೆಸಿಕೊಂಡು ಎದ್ದು, ನನ್ನ ಕಡೆ ತಿರುಗಿದ.

"ನಂದೊಂದ ತೊಳದ ಟೊಪಗಿ ಎಲ್ಲೈತಿ, ನೋಡವಾ."